ಕೃತಕ ಪಾದ: ಚಿಪ್ ಇರೋದಾ, ಇಲ್ಲದ್ದಾ?

ದೊಡ್ಡಬಳ್ಳಾಪುರದ ರಾಗಿ ಹೊಲದಲ್ಲಿ ಓಡಾಡೋಕೆ ಯಾವ ಕೃತಕ ಪಾದ ಸರಿ?

ಒಂದು, ಮಾಮೂಲಿ ಪಾದ. ಮೋಟಾರ್ ಇಲ್ಲ, ಬ್ಯಾಟರಿ ಇಲ್ಲ. 1968ರಲ್ಲಿ ಬಂದ ಜೈಪುರ ಪಾದ ಇದೇ ಜಾತಿ. ಹೊರಗೆ ರಬ್ಬರ್, ಬರಿಗಾಲಲ್ಲಿ ನಡೀಬಹುದು, ಕೆಸರಿಗೂ ಇಳೀಬಹುದು.

ಇನ್ನೊಂದು, ಮೈಕ್ರೊಪ್ರೊಸೆಸರ್ ಅಂದ್ರೆ ಚಿಪ್ ಇರೋ ಪಾದ. ಸೆನ್ಸರ್‌ಗಳು ನಡಿಗೆ ಅಳೀತವೆ. ಇಳಿಜಾರು ಬಂದ್ರೆ ಪಾದದ ಕೀಲು ತಾನೇ ಹೊಂದಿಕೊಳ್ಳುತ್ತೆ. ಕೆಲವು ಮಾದರಿಗಳು ಹೆಜ್ಜೆ ಎತ್ತಿದಾಗ ಪಾದದ ತುದಿಯನ್ನೂ ಎತ್ತುತ್ತವೆ, ಎಡವೋದು ಕಡಿಮೆ. ಆದ್ರೆ ತೂಕ ಜಾಸ್ತಿ, ಚಾರ್ಜ್ ಮಾಡ್ಬೇಕು, ಬೆಲೆ ಲಕ್ಷಗಳಲ್ಲಿ.

ದಿನವಿಡೀ ಕೆಸರು, ಧೂಳು ಅಂದ್ರೆ ಮಾಮೂಲಿ ಪಾದವೇ ವಾಸಿ. ಇಳಿಜಾರಿನ ಓಡಾಟ ಹೆಚ್ಚಿದ್ದು, ಸರ್ವಿಸ್ ಹತ್ತಿರವಿದ್ರೆ ಚಿಪ್ ಪಾದ ಯೋಚಿಸಿ. ಯಾವುದೇ ಆಗ್ಲಿ, ಉಳಿದ ಕಾಲನ್ನ ಹಿಡಿಯೋ ಸಾಕೆಟ್ ಸರಿಯಾಗಿ ಕೂರದಿದ್ರೆ ದುಡ್ಡು ದಂಡ. ಬೆಂಗಳೂರಿನ ಮೊಬಿಲಿಟಿ ಇಂಡಿಯಾದಂಥ ಕೇಂದ್ರದಲ್ಲಿ ಅಳತೆ ಕೊಡಿ, ನಡೆದು ನೋಡಿ, ಆಮೇಲೆ ಕೊಳ್ಳಿ.