ಹತ್ತು ವಾಚೋ, ಒಂದೇ ವಾಚೋ?

ಆರನೇ ಸೆಮ್ ಮುಗಿಸಿ, ಇಂಟರ್ನ್‌ಶಿಪ್ ಮಾಡಿ ಹಾಸ್ಟೆಲಿಗೆ ವಾಪಸ್ ಬಂದಾಗ ನಮ್ಮ ರೂಮಿನ ಮೂವರ ಹತ್ತಿರವೂ ಮೊದಲ ಸಲ ಸ್ವಂತ ದುಡ್ಡು ಇತ್ತು. ಖರ್ಚೆಲ್ಲ ಕಳೆದು ತಲಾ ಸುಮಾರು 40 ಸಾವಿರ. ಮೂವರಿಗೂ ವಾಚಿನ ಹುಚ್ಚು, ಆದರೆ ಹುಚ್ಚಿನಲ್ಲೂ ಪಕ್ಷ ಬೇರೆ ಬೇರೆ. ಒಬ್ಬನದು "ಇಷ್ಟು ದುಡ್ಡಿಗೆ ಹತ್ತು ವಾಚು ಬರುತ್ತೆ, ದಿನಕ್ಕೊಂದು ಕಟ್ಕೋಬಹುದು" ಅನ್ನೋ ಪಕ್ಷ. ಇನ್ನೊಬ್ಬನದು "ಇಎಂಐ ಆದ್ರೂ ಪರವಾಗಿಲ್ಲ, ಡಯಲ್ ಮೇಲೆ ಸ್ವಿಸ್ ಮೇಡ್ ಅಂತ ಇರೋದು ಒಂದೇ ಒಂದು ಸಾಕು" ಅನ್ನೋ ಪಕ್ಷ. ಮೂರನೆಯವನ ಟ್ರಂಕಿನಲ್ಲಿ ಅವನ ಅಜ್ಜನ ಎಚ್‌ಎಂಟಿ ಇತ್ತು. ಅದು ನಿಂತು 11 ವರ್ಷ ಆಗಿತ್ತು.

ಹತ್ತಾ, ಒಂದಾ ಅನ್ನೋ ಜಗಳ ಒಂದು ತಿಂಗಳು ನಡೀತು. ಕೊನೆಗೆ ಬಾಯಿ ಮುಚ್ಚಿಕೊಂಡು ಲೆಕ್ಕಕ್ಕೆ ಕೂತೆವು. ಎಂಜಿನಿಯರಿಂಗ್ ಓದ್ತಿದೀವಿ, ವಾಚನ್ನಾದರೂ ಎಂಜಿನಿಯರುಗಳ ಥರ ನೋಡೋಣ ಅಂತ. ಆ ಲೆಕ್ಕವನ್ನೇ ಇಲ್ಲಿ ನಿಮ್ಮ ಮುಂದೆ ಇಡ್ತಿದೀವಿ.

ಬರೀ ಟೈಮ್ ನೋಡೋಕಾದರೆ

ವಾಚು ಇರೋದು ಟೈಮ್ ತೋರಿಸೋಕೆ ಅಂದುಕೊಂಡರೆ ಜಗಳ ಎರಡೇ ನಿಮಿಷದಲ್ಲಿ ಮುಗಿಯುತ್ತೆ. ಸೆಲ್ಲಿನಿಂದ ನಡೆಯುವ ಕ್ವಾರ್ಟ್ಜ್ ವಾಚಿನೊಳಗೆ ಶ್ರುತಿ ಕವೆಯ ಆಕಾರದ ಒಂದು ಪುಟ್ಟ ಸ್ಫಟಿಕ ಇರುತ್ತೆ. ವಿದ್ಯುತ್ ಕೊಟ್ಟರೆ ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತೆ. ಯಾಕೆ ಇದೇ ವಿಚಿತ್ರ ಸಂಖ್ಯೆ? ಎರಡರ 15ನೇ ಘಾತ ಅದು. 15 ಫ್ಲಿಪ್‌ಫ್ಲಾಪ್‌ಗಳನ್ನು ಸಾಲಾಗಿ ಜೋಡಿಸಿ ಪ್ರತಿ ಹಂತದಲ್ಲೂ ಅರ್ಧ ಮಾಡ್ತಾ ಹೋದರೆ ಕೊನೆಗೆ ಸೆಕೆಂಡಿಗೆ ಸರಿಯಾಗಿ ಒಂದು ಪಲ್ಸ್ ಸಿಗುತ್ತೆ. ಇಸಿಇ ಗೆಳೆಯರು ಇದನ್ನು ಲ್ಯಾಬಿನಲ್ಲಿ ಬ್ರೆಡ್‌ಬೋರ್ಡ್ ಮೇಲೆ ಮಾಡಿರ್ತಾರೆ.

1989ರಲ್ಲಿ ಬಂದ ಕ್ಯಾಸಿಯೋ ಎಫ್-91ಡಬ್ಲ್ಯೂ ಗೊತ್ತಲ್ಲ, ಕ್ಲಾಸಿನಲ್ಲಿ ಗಂಟೆಗೊಮ್ಮೆ ಎಲ್ಲಿಂದಲೋ ಬೀಪ್ ಅನ್ನುವ ಆ ಪ್ಲಾಸ್ಟಿಕ್ ವಾಚು. ಅದು ತಿಂಗಳಿಗೆ 30 ಸೆಕೆಂಡು ಆಚೀಚೆ ಆಗಬಹುದು ಅಂತ ಕಂಪನಿಯೇ ಹೇಳುತ್ತೆ. ಅಂದ್ರೆ ದಿನಕ್ಕೆ ಹೆಚ್ಚುಕಡಿಮೆ ಒಂದು ಸೆಕೆಂಡು. ಇನ್ನೊಂದು ಕಡೆ, ಸ್ವಿಸ್ ಮೆಕ್ಯಾನಿಕಲ್ ವಾಚುಗಳಲ್ಲಿ 'ಕ್ರೋನೋಮೀಟರ್' ಅನ್ನೋ ಬಿರುದು ಪಡೆಯೋಕೆ 15 ದಿನ, 5 ಭಂಗಿ, 3 ತಾಪಮಾನಗಳ ಪರೀಕ್ಷೆ ಪಾಸಾಗಬೇಕು. ಅಷ್ಟಾಗಿಯೂ ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ ಅಥವಾ 6 ಸೆಕೆಂಡು ಮುಂದೆ ಹೋಗೋಕೆ ಅವಕಾಶ ಇದೆ. ದಿನದ 86,400 ಸೆಕೆಂಡಿನಲ್ಲಿ 6 ಅಂದ್ರೆ 0.007 ಪರ್ಸೆಂಟ್, ಬರೀ ಸ್ಪ್ರಿಂಗು, ಹಲ್ಲುಚಕ್ರಗಳಿಂದ ಅಷ್ಟು ಸಾಧಿಸೋದು ನಿಜಕ್ಕೂ ದೊಡ್ಡ ಕೆಲಸ. ಆದರೂ ನಿಖರತೆಯ ಪಂದ್ಯದಲ್ಲಿ ಗೆಲ್ಲೋದು ಆ ಪ್ಲಾಸ್ಟಿಕ್ ವಾಚೇ.

ಹಾಗಾದರೆ ಹತ್ತು ವಾಚಿನ ಪಕ್ಷವೂ, ಒಂದು ವಾಚಿನ ಪಕ್ಷವೂ ಟೈಮಿಗೋಸ್ಕರ ದುಡ್ಡು ಕೊಡ್ತಿಲ್ಲ. ಇದನ್ನು ಮೊದಲು ಒಪ್ಪಿಕೊಂಡರೆ ಮುಂದಿನ ಮಾತು ಸುಲಭ.

ಪ್ರತಿಷ್ಠೆಗೂ ಊರು ಬದಲಾಗುತ್ತೆ

"ಹೆಸರು ಶಾಶ್ವತ, ಅದಕ್ಕೇ ಹೆಸರಿರೋದನ್ನೇ ತಗೋಬೇಕು" ಅಂತ ನಮ್ಮ ಸ್ವಿಸ್ ಗೆಳೆಯನ ವಾದ. ಚರಿತ್ರೆ ಪೂರ್ತಿ ಹಾಗಿಲ್ಲ.

ಜಗತ್ತಿನ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಸೀಕೋ ಆಸ್ಟ್ರಾನ್ ಮಾರಾಟಕ್ಕೆ ಬಂದದ್ದು 1969ರ ಡಿಸೆಂಬರ್ 25ರಂದು, ಜಪಾನಿನಲ್ಲಿ. ಬೆಲೆ 4,50,000 ಯೆನ್. ಆಗ ಹೆಚ್ಚುಕಡಿಮೆ ಅಷ್ಟು ದುಡ್ಡಿಗೆ ಒಂದು ಟೊಯೋಟಾ ಕೊರೋಲಾ ಕಾರು ಬರ್ತಿತ್ತು. ಇವತ್ತು ಬಸ್ ಸ್ಟ್ಯಾಂಡಿನ ಫುಟ್‌ಪಾತಿನಲ್ಲಿ ಸಿಗುವ ವಾಚಿನ ತತ್ವವೇ ಅವತ್ತು ಕಾರಿನ ಬೆಲೆಯ ಪ್ರತಿಷ್ಠೆ! ಚಿಪ್ಪುಗಳು ಅಗ್ಗವಾದಂತೆ ಕ್ವಾರ್ಟ್ಜ್ ಕೆಳಗಿಳಿಯಿತು, ಇಳಿಯುತ್ತಾ ಸ್ವಿಟ್ಜರ್ಲೆಂಡಿನ ವಾಚು ಉದ್ಯಮವನ್ನೇ ಅಲ್ಲಾಡಿಸಿತು. 1970ರಲ್ಲಿ ಸುಮಾರು 90 ಸಾವಿರ ಇದ್ದ ಅಲ್ಲಿನ ವಾಚು ಕೆಲಸಗಾರರ ಸಂಖ್ಯೆ 80ರ ದಶಕದಲ್ಲಿ 30 ಸಾವಿರದ ಆಸುಪಾಸಿಗೆ ಬಂತು. ಆಗ ಸ್ವಿಸ್ಸರನ್ನು ಮೇಲೆತ್ತಿದ್ದರಲ್ಲಿ ದೊಡ್ಡ ಪಾಲು ಯಾವುದರದು? 1983ರಲ್ಲಿ ಬಂದ ಸ್ವಾಚ್‌ನದು. 51 ಬಿಡಿಭಾಗಗಳ, ಬಣ್ಣಬಣ್ಣದ, ಅಗ್ಗದ ಪ್ಲಾಸ್ಟಿಕ್ ವಾಚು. ಜನ ಅದನ್ನು ಒಂದಲ್ಲ, ಡಜನ್‌ಗಟ್ಟಲೆ ಕೊಂಡು ಸಂಗ್ರಹ ಮಾಡಿದರು.

ನಮ್ಮ ಕಡೆಯ ಕಥೆಯೂ ಇದೇ ಥರದ್ದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಕಾರ್ಖಾನೆ ಶುರುವಾಯಿತು. ಮುಂದೆ ತುಮಕೂರಿನಲ್ಲೂ ಒಂದು ಬಂತು. ನಮ್ಮ ಅಜ್ಜಂದಿರ ಕಾಲಕ್ಕೆ ಮದುವೆ ಗಂಡಿನ ಕೈಗೆ ಎಚ್‌ಎಂಟಿ ಕಟ್ಟಿದರೆ ಬೀಗರ ಮುಂದೆ ಮರ್ಯಾದೆ. 80ರ ದಶಕದ ಕೊನೆಗೆ ಪಕ್ಕದ ಹೊಸೂರಿನಿಂದ ಟೈಟಾನ್ ಕ್ವಾರ್ಟ್ಜ್ ವಾಚುಗಳು ಬಂದವು, ಮರ್ಯಾದೆ ಆ ಕಡೆ ಹೋಯಿತು. ದಿನಾ ಕೀ ಕೊಡಬೇಕಾದ ವಾಚು ಹಳೇ ಕಾಲದ್ದಾಯಿತು. 2016ರಲ್ಲಿ ಎಚ್‌ಎಂಟಿ ವಾಚು ಕಂಪನಿಯನ್ನು ಮುಚ್ಚೋಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಈಗ ನೋಡಿ, ಅದೇ ಜನತಾ, ಅದೇ ಪೈಲಟ್ ಹುಡುಕಿಕೊಂಡು ನಮ್ಮ ವಯಸ್ಸಿನವರೇ ಅಲೀತಿದಾರೆ.

ಹೆಸರಿಗೆ ಬೆಲೆ ಇಲ್ಲ ಅಂತ ನಾವು ಹೇಳ್ತಿಲ್ಲ. ಇವತ್ತಿನ ಹೆಸರನ್ನು ನಂಬಿ ನಾಳೆಯ ಸಾಲ ಮಾಡಬೇಡಿ ಅಂತಿದೀವಿ, ಅಷ್ಟೇ. ಕೆಲವೇ ಕಂಪನಿಗಳ ಕೆಲವೇ ಮಾಡೆಲ್‌ಗಳನ್ನು ಬಿಟ್ಟರೆ, ಅಂಗಡಿಯ ಮೆಟ್ಟಿಲು ಇಳಿದ ಕೂಡಲೇ ವಾಚಿನ ಮರುಮಾರಾಟದ ಬೆಲೆಯೂ ಇಳಿಯುತ್ತೆ. "ಇದು ಇನ್ವೆಸ್ಟ್‌ಮೆಂಟು ಮಗಾ" ಅಂತ ಯಾರಾದರೂ ಹೇಳಿದರೆ, ಅವರ ಇಎಂಐ ಇನ್ನೂ ಎಷ್ಟು ತಿಂಗಳು ಬಾಕಿ ಇದೆ ಅಂತ ಒಮ್ಮೆ ಕೇಳಿ.

ಹೆಸರಿನ ಒಳಗೆ ಏನಿದೆ?

ವಾಚಿನ ಹಿಂದಿನ ಮುಚ್ಚಳ ತೆಗೆದರೆ ಕಾಣುವ ಯಂತ್ರಕ್ಕೆ ಮೂವ್‌ಮೆಂಟ್ ಅಂತಾರೆ. ಎಷ್ಟೋ ಕಂಪನಿಗಳು ಇದನ್ನು ತಾವೇ ಮಾಡೋದಿಲ್ಲ. ಸ್ವಿಸ್ ವಾಚುಗಳಲ್ಲಿ ಇಟಿಎ, ಸೆಲಿಟಾ ಅನ್ನುವ ತಯಾರಕರ ಯಂತ್ರಗಳು ಹತ್ತಾರು ಬ್ರ್ಯಾಂಡುಗಳ ಒಳಗಿವೆ. ಅಗ್ಗದ ಆಟೋಮ್ಯಾಟಿಕ್‌ಗಳಲ್ಲಿ ಸೀಕೋ ಸಮೂಹದ ಎನ್‌ಎಚ್35 ಅನ್ನೋ ಯಂತ್ರವೂ ಹಾಗೆಯೇ ಊರೆಲ್ಲ ಓಡಾಡುತ್ತೆ. ಲ್ಯಾಪ್‌ಟಾಪ್ ಕಂಪನಿ ಯಾವುದೇ ಇರಲಿ, ಪ್ರೊಸೆಸರ್ ಒಂದೇ ಇರುತ್ತಲ್ಲ, ಹಾಗೆ.

ಹಾಗಾದರೆ ಹೆಚ್ಚು ದುಡ್ಡು ಎಲ್ಲಿಗೆ ಹೋಗುತ್ತೆ? ಸ್ವಲ್ಪ ಪಾಲು ನಿಜವಾದ ಕೆಲಸಕ್ಕೆ: ಅದೇ ಯಂತ್ರವನ್ನು ಹೆಚ್ಚು ತಾಳ್ಮೆಯಿಂದ ಹೊಂದಿಸೋದು, ಮುಳ್ಳಿನ ಅಂಚು ಪಾಲಿಶ್ ಮಾಡೋದು, ಗೀರು ಬೀಳದ ಸಫೈರ್ ಗಾಜು, ನೀರು ನುಗ್ಗದ ಸೀಲು. ಉಳಿದ ಪಾಲು ಜಾಹೀರಾತಿಗೆ, ಗಾಜಿನ ಷೋರೂಮಿಗೆ, ಹೆಸರಿಗೆ. ಎರಡನ್ನೂ ಬಿಡಿಸಿ ನೋಡೋದು ಕಷ್ಟವಲ್ಲ. ಕೊಳ್ಳುವ ಮೊದಲು ಮೂವ್‌ಮೆಂಟಿನ ನಂಬರ್ ಹುಡುಕಿ, ಅದೇ ನಂಬರ್ ಇನ್ಯಾವ ವಾಚಿನಲ್ಲಿ ಯಾವ ಬೆಲೆಗೆ ಇದೆ ನೋಡಿ. ವ್ಯತ್ಯಾಸದ ದುಡ್ಡು ಯಾವುದಕ್ಕೆ ಅಂತ ನಿಮಗೆ ನೀವೇ ಒಂದು ವಾಕ್ಯದಲ್ಲಿ ಹೇಳಿಕೊಳ್ಳೋಕೆ ಆದರೆ, ಆ ವಾಚು ನಿಮಗೆ ದುಬಾರಿಯಲ್ಲ.

ಸಂಖ್ಯೆಯ ಪೆಟ್ಟಿಗೆ

ಇಷ್ಟಾದ ಮೇಲೆ ನಮ್ಮ ಹತ್ತು ವಾಚಿನ ಗೆಳೆಯ ಗೆದ್ದೆ ಅಂತ ಮೀಸೆ ತಿರುವಿದ. ಜಗಳ ಇನ್ನೂ ನಡೀತಿದ್ದಾಗಲೇ ಅವನು ಏಳು ವಾಚು ಕೊಂಡು ಪೆಟ್ಟಿಗೆಯಲ್ಲಿ ಜೋಡಿಸಿದ್ದ. ಅದರಲ್ಲಿ ಮೂರು, ಆನ್‌ಲೈನಿನಲ್ಲಿ ತರಿಸಿದ 'ಹಳೇ ಎಚ್‌ಎಂಟಿ'. ಅಜ್ಜನ ವಾಚು ರಿಪೇರಿಗೆ ಅಂತ ಪೇಟೆಬೀದಿಗೆ ಹೊರಟಾಗ ಅವನೂ ಪೆಟ್ಟಿಗೆ ತಂದ, ತೋರಿಸೋಣ ಅಂತ.

ರಿಪೇರಿ ಅಂಗಡಿಯ ಹಿರಿಯರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದೊಂದನ್ನೇ ನೋಡಿದರು. ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಏನಪ್ಪಾ, ಇದ್ರಲ್ಲಿ ನಡೀತಿರೋದು ಎಷ್ಟು?"

ನಾಲ್ಕು ನಡೀತಿದ್ದವು. ಒಂದರಲ್ಲಿ ಸೆಲ್ಲು ಮುಗಿದು ಒಳಗೇ ಸೋರಿತ್ತು. ಆ ಮೂರು ಎಚ್‌ಎಂಟಿಯಲ್ಲಿ ಎರಡು ನಿಂತಿದ್ದವು, ಮೂರರ ಡಯಲ್ಲೂ ಹೊಸದಾಗಿ ಬಣ್ಣ ಬಳಿದದ್ದು. "ಸಾರ್, ಇದು ಒರಿಜಿನಲ್ ಅಲ್ವಾ?" ಅಂದ ನಮ್ಮವನು. "ಒಳಗಿರೋದು ಒರಿಜಿನಲ್ಲೇ. ಆದ್ರೆ ಮೂರು ವಾಚಿಂದ ಒಂದು ಮಾಡವ್ರೆ" ಅಂದರು. ವಾಚು ಸಂಗ್ರಹಿಸುವವರ ನಡುವೆ ಇಂಥವಕ್ಕೆ 'ಮುಂಬೈ ಸ್ಪೆಷಲ್' ಅಂತ ಹೆಸರೇ ಇದೆ. ಎಚ್‌ಎಂಟಿ ಯಾವತ್ತೂ ಮಾಡದ ಬಣ್ಣ, ಮಾಡದ ಚಿತ್ರ ಡಯಲ್ ಮೇಲೆ ಹೊಳೀತಿದ್ದರೆ ಅನುಮಾನ ಪಡಿ.

ವಾಚು ನಿಲ್ಲೋದು ಯಾಕೆ ಅನ್ನೋದನ್ನೂ ಅವರೇ ಬಿಡಿಸಿ ತೋರಿಸಿದರು. ಎಚ್‌ಎಂಟಿ ಜನತಾದ ಒಳಗಿನ ಬ್ಯಾಲೆನ್ಸ್ ವೀಲ್ ಗಂಟೆಗೆ 18,000 ಸಲ, ಅಂದ್ರೆ ಸೆಕೆಂಡಿಗೆ 5 ಸಲ ಆಚೀಚೆ ಹೊರಳುತ್ತೆ. ನಾವು ಅಲ್ಲೇ ಮೊಬೈಲಿನಲ್ಲಿ ಗುಣಿಸಿದೆವು: ವರ್ಷಕ್ಕೆ 15 ಕೋಟಿಗೂ ಹೆಚ್ಚು ಸಲ. ಡಯಲ್ ಮೇಲೆ '17 ಜ್ಯುವೆಲ್ಸ್' ಅಂತ ಬರೆದಿರೋದು ಆಭರಣ ಅಲ್ಲ, ಈ ಓಡಾಟ ತಡೆದುಕೊಳ್ಳೋಕೆ ಕೂರಿಸಿದ ಕೃತಕ ಮಾಣಿಕ್ಯದ ಬೇರಿಂಗುಗಳು. ಅವಕ್ಕೆ ಹನಿಗಿಂತ ಚಿಕ್ಕ ಹನಿ ಎಣ್ಣೆ ಬೇಕು. ಕೆಲವು ವರ್ಷದಲ್ಲಿ ಆ ಎಣ್ಣೆ ಒಣಗುತ್ತೆ, ಕೊಳೆಯಾಗುತ್ತೆ. ಆಗ ಬಿಚ್ಚಿ, ತೊಳೆದು, ಮತ್ತೆ ಎಣ್ಣೆ ಹಾಕಬೇಕು. ಪೆಟ್ಟಿಗೆಯಲ್ಲಿ ಸುಮ್ಮನೆ ಇಟ್ಟರೂ ಎಣ್ಣೆ ಒಣಗೋದು ನಿಲ್ಲೋದಿಲ್ಲ.

ಈಗ ಲೆಕ್ಕ ಮಾಡಿ. ನಿಮ್ಮ ಹತ್ತಿರ 10 ಮೆಕ್ಯಾನಿಕಲ್ ವಾಚು ಇವೆ ಅಂದುಕೊಳ್ಳಿ. ಪ್ರತಿಯೊಂದಕ್ಕೂ 5 ವರ್ಷಕ್ಕೊಮ್ಮೆ ಸರ್ವಿಸ್ ಅಂದ್ರೆ ವರ್ಷಕ್ಕೆ 2 ವಾಚು. ಒಂದಕ್ಕೆ 2,500 ರೂಪಾಯಿ ಹಿಡಿದರೂ ವರ್ಷಕ್ಕೆ 5,000, ವಾಚು ಇರುವಷ್ಟು ಕಾಲವೂ. ಒಂದೇ ದೊಡ್ಡ ಹೆಸರಿನ ವಾಚಿಗೂ ಇದು ತಪ್ಪಿದ್ದಲ್ಲ. ಎಷ್ಟೋ ಸ್ವಿಸ್ ಕಂಪನಿಗಳು ಬಿಡಿಭಾಗಗಳನ್ನು ಹೊರಗಿನ ರಿಪೇರಿಯವರಿಗೆ ಮಾರೋದೇ ಇಲ್ಲ, ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಬೇಕು, ಅವರು ಹೇಳಿದ್ದೇ ರೇಟು. ವಾಚಿನ ಬೆಲೆ ಕೇಳುವಾಗ ಸರ್ವಿಸಿನ ಬೆಲೆಯನ್ನೂ ಕೇಳಿ. ನಾವಂತೂ ಅದುವರೆಗೆ ಒಬ್ಬರೂ ಕೇಳಿರಲಿಲ್ಲ.

ನಾವು ಮಾಡಿಕೊಂಡ ನಿಯಮ

ಆ ಸಂಜೆ ಕ್ಯಾಂಟೀನಿನಲ್ಲಿ ಕೂತು ಮೂವರೂ ಒಪ್ಪಿದ್ದು ಇಷ್ಟು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ವಾಚಿನ ವಿಷಯದಲ್ಲಿ ಹಾಸಿಗೆ ಅಂದ್ರೆ ಕೊಳ್ಳುವ ದುಡ್ಡಲ್ಲ, ನಡೆಸುವ ದುಡ್ಡು. ಎಷ್ಟು ವಾಚನ್ನು ನಡೆಯುವ ಸ್ಥಿತಿಯಲ್ಲಿ ಇಟ್ಟುಕೊಳ್ಳೋಕೆ ಆಗುತ್ತೋ ಅಷ್ಟೇ ನಮ್ಮ ಸಂಗ್ರಹ. ನಿಂತದ್ದನ್ನು ಎಣಿಸೋ ಹಾಗಿಲ್ಲ.

ಎರಡನೆಯದು, ಹೊಸದಾಗಿ ಬರುವ ವಾಚು ಪೆಟ್ಟಿಗೆಯಲ್ಲಿ ಆಗಲೇ ಇರುವ ಯಾವ ವಾಚೂ ಮಾಡದ ಕೆಲಸ ಮಾಡಬೇಕು. ಒಂದೇ ಥರದ ಕ್ವಾರ್ಟ್ಜ್ ಯಂತ್ರದ ಏಳು ವಾಚು ಅಂದ್ರೆ ಅದು ಒಂದೇ ವಾಚಿಗೆ ಏಳು ಡಯಲ್. ಅದರ ಬದಲು ಮಳೆಗೂ ಲ್ಯಾಬಿಗೂ ಒಂದು ಡಿಜಿಟಲ್, ಕೀ ಕೊಡುವ ಒಂದು, ಕೈಯ ಅಲುಗಾಟದಿಂದಲೇ ಸ್ಪ್ರಿಂಗ್ ಸುತ್ತಿಕೊಳ್ಳುವ ಆಟೋಮ್ಯಾಟಿಕ್ ಒಂದು ಇದ್ದರೆ, ಮೂರೇ ವಾಚಿನಲ್ಲಿ ಮೂರು ಬೇರೆ ಬೇರೆ ಎಂಜಿನಿಯರಿಂಗ್ ಕೈಗೆ ಸಿಗುತ್ತೆ. ದೊಡ್ಡ ಹೆಸರಿನದು ಬೇಕೇ ಬೇಕು ಅನಿಸಿದರೆ ಅದಕ್ಕೂ ಜಾಗ ಇದೆ, ಸಾಲವಿಲ್ಲದೆ ಬರುವ ದಿನ.

ಸ್ವಿಸ್ ಗೆಳೆಯ ಇಎಂಐ ಕೈಬಿಟ್ಟ. ಆಸೆ ಬಿಟ್ಟಿಲ್ಲ, ಕೆಲಸ ಸಿಕ್ಕಿ ಒಂದು ವರ್ಷ ಆದಮೇಲೆ ಅಂತಾನೆ. ಹತ್ತು ವಾಚಿನವನ ಪೆಟ್ಟಿಗೆಯಲ್ಲಿ ಈಗ ಮೂರಿವೆ. ಉಳಿದದ್ದನ್ನು ಜೂನಿಯರ್‌ಗಳಿಗೆ ಕೊಟ್ಟ, ಬಣ್ಣ ಬಳಿದ ಎಚ್‌ಎಂಟಿಗಳನ್ನು ಮಾತ್ರ ಮಾರಲಿಲ್ಲ, ಇನ್ನೊಬ್ಬರು ಮೋಸ ಹೋಗೋದು ಬೇಡ ಅಂತ ಬಿಡಿಭಾಗಕ್ಕೆ ಅಂಗಡಿಯವರಿಗೇ ಬಿಟ್ಟುಬಂದ.

ಅಜ್ಜನ ವಾಚು ಎರಡು ವಾರದ ನಂತರ ಸಿಕ್ಕಿತು. ಡಯಲ್ ಹಳದಿಯಾಗಿದೆ, ಹಾಗೇ ಬಿಡಿ ಅಂದಿದ್ದೆವು. ದಿನಕ್ಕೆ ಅರ್ಧ ನಿಮಿಷ ಮುಂದೆ ಓಡುತ್ತೆ. ಅವನು ದಿನಾ ಬೆಳಿಗ್ಗೆ ಮೆಸ್ಸಿಗೆ ಹೊರಡೋ ಮುಂಚೆ ಕೀ ಕೊಟ್ಟು, ಮೊಬೈಲ್ ನೋಡಿ ಸರಿ ಮಾಡ್ಕೋತಾನೆ. ಊರಿಗೆ ಫೋನ್ ಮಾಡಿ ಅಜ್ಜಿಗೆ ಅದರ ಟಿಕ್ ಟಿಕ್ ಕೇಳಿಸಿದಾಗ ಅಜ್ಜಿ ಕೇಳಿದ್ದು, "ರಾತ್ರಿ ಮಲಗುವಾಗ ತೆಗೆದಿಡ್ತೀಯ ತಾನೆ? ಅವರು ತೆಗೆದಿಡ್ತಿದ್ರು."

ನೀವೂ ಈ ಸಲ ರಜೆಗೆ ಮನೆಗೆ ಹೋದಾಗ ಬೀರುವಿನ ಒಳಖಾನೆ ಒಮ್ಮೆ ತೆಗೆದು ನೋಡಿ. ವಾಚು ಸಿಕ್ಕಿದರೆ ಜೋರಾಗಿ ಕೀ ತಿರುಗಿಸಬೇಡಿ, ಅಲ್ಲಾಡಿಸಬೇಡಿ, ಡಯಲ್‌ಗೆ ಬಣ್ಣ ಮಾಡಿಸಬೇಡಿ. ಮೆಕ್ಯಾನಿಕಲ್ ವಾಚು ಬಿಚ್ಚಿ ಜೋಡಿಸೋಕೆ ಬರುವವರ ಹತ್ತಿರ ಹಾಗೇ ತಗೊಂಡು ಹೋಗಿ. ನಮ್ಮ ಪೇಟೆಬೀದಿಯ ಹಿರಿಯರಿಗೆ ಈಗ ವಯಸ್ಸಾಗಿದೆ, ಅವರ ಪಕ್ಕದ ಸ್ಟೂಲಿನಲ್ಲಿ ಕಲಿಯೋಕೆ ಅಂತ ಯಾರೂ ಕೂತಿಲ್ಲ. ಹೋಗೋದಾದರೆ ಬೇಗ ಹೋಗಿ.