ಹಳೆಯ ಹೆಡ್‌ಫೋನುಗಳ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಮಾತು ಕಿವಿಗೆ ಬಿದ್ದೊಡನೆ ಹಳೆಯ ಗುಡಿ, ಮಠ, ಕೆರೆ, ಬಾವಿಗಳು ಕಣ್ಣ ಮುಂದೆ ನಿಲ್ಲುವುದು ಸಹಜ. ಮೋರಖಂಡಿಯ ಪರಿಸರದಲ್ಲಂತೂ ಈ ಮಾತಿಗೆ ವಿಶೇಷವಾದ ಅರ್ಥವಿದೆ. ರಾಷ್ಟ್ರಕೂಟರ ಶಾಸನಗಳಲ್ಲಿ ಬರುವ ಮಯೂರಖಂಡಿ ಇದೇ ಊರೆಂದು ವಿದ್ವಾಂಸರಲ್ಲಿ ಒಂದು ಪಕ್ಷದವರ ಅಭಿಪ್ರಾಯ. ಸಮೀಪದ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿ, ಹನ್ನೆರಡನೆಯ ಶತಮಾನದ ಶರಣರ ಕಾರ್ಯಕ್ಷೇತ್ರವಾಗಿ ಪ್ರಸಿದ್ಧವಾಗಿದೆ. ಇಂತಹ ನೆಲದಲ್ಲಿ ಕಲ್ಲು, ಶಾಸನ, ತಾಳೆಗರಿಗಳ ಬೆಲೆಯನ್ನು ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ನೂರು ವರ್ಷವೂ ತುಂಬದ ಯಂತ್ರೋಪಕರಣಗಳ ಗತಿ ಬೇರೆ. ಅವು ಅಟ್ಟದ ಮೇಲಿಂದ ನೇರವಾಗಿ ಗುಜರಿಯ ತಕ್ಕಡಿಗೆ ಬೀಳುತ್ತವೆ. ಹಾಗೆ ಕಣ್ಮರೆಯಾಗುತ್ತಿರುವ ವಸ್ತುಗಳಲ್ಲಿ ತಲೆಗೆ ಧರಿಸಿ ಕೇಳುವ ಹಳೆಯ ಹೆಡ್‌ಫೋನು ಒಂದು. ಅದನ್ನು ದುರಸ್ತಿಗೊಳಿಸಿ ಇಂದಿನ ಉಪಕರಣಗಳಿಗೆ ಜೋಡಿಸಿ ಬಳಸುವುದು ಇತ್ತೀಚೆಗೆ ಅನೇಕ ದೇಶಗಳಲ್ಲಿ ಹವ್ಯಾಸವಾಗಿ ಬೆಳೆದಿದೆ. ಶಾಲೆಯ ವಿಜ್ಞಾನ ಬೋಧನೆಗೂ ಅದರಿಂದ ಒದಗುವ ಪ್ರಯೋಜನ ಚಿಕ್ಕದಲ್ಲ.

ಧ್ವನಿವರ್ಧಕಕ್ಕಿಂತ ಮೊದಲು ರೇಡಿಯೊ ಎಂದರೆ ಹೆಡ್‌ಫೋನೇ ಆಗಿತ್ತು. ಗೆಲೀನಾ ಎಂಬ ಸೀಸದ ಅದಿರಿನ ಹರಳನ್ನು ವಿದ್ಯುತ್ಕಾಂತ ಅಲೆಗಳ ಶೋಧಕವಾಗಿ ಬಳಸುವ ವಿಧಾನಕ್ಕೆ ಆಚಾರ್ಯ ಜಗದೀಶಚಂದ್ರ ಬೋಸರಿಗೆ 1904ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಇಂತಹ ಹರಳಿನಿಂದ ನಡೆಯುವ ರೇಡಿಯೊಗೆ ಬ್ಯಾಟರಿ ಬೇಡ, ವಿದ್ಯುತ್ ಸಂಪರ್ಕವೂ ಬೇಡ. ಆಂಟೆನಾ ತಂತಿ ಹಿಡಿದುಕೊಂಡ ಅಲೆಗಳ ಶಕ್ತಿಯೇ ಸದ್ದಾಗಬೇಕು. ಅಷ್ಟು ಕ್ಷೀಣವಾದ ಶಕ್ತಿ ದೊಡ್ಡ ಧ್ವನಿವರ್ಧಕವನ್ನು ನಡೆಸಲಾರದು. ಕಿವಿಗೆ ಒತ್ತಿಕೊಂಡ ಸೂಕ್ಷ್ಮವಾದ ಹೆಡ್‌ಫೋನನ್ನು ಮಾತ್ರ ಮಿಡಿಸಬಲ್ಲದು. ಅಮೆರಿಕದ ಯೂಟಾ ಪ್ರಾಂತದ ನೆಥೇನಿಯಲ್ ಬಾಲ್ಡ್‌ವಿನ್ ಎಂಬಾತ ತಾನು ರೂಪಿಸಿದ ಸೂಕ್ಷ್ಮ ಹೆಡ್‌ಫೋನನ್ನು 1910ರಲ್ಲಿ ಆ ದೇಶದ ನೌಕಾಪಡೆಗೆ ಒದಗಿಸಿದ ಸಂಗತಿ ಇದರ ಇತಿಹಾಸದಲ್ಲಿ ಒಂದು ಮೈಲಿಗಲ್ಲು.

ಕನ್ನಡ ನಾಡಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದರು. ಮುಂದೆ ಇಡೀ ದೇಶದ ಪ್ರಸಾರ ಸಂಸ್ಥೆಗೆ ಸಂದ ‘ಆಕಾಶವಾಣಿ’ ಎಂಬ ಹೆಸರು ಮೊದಲು ಆ ಕೇಂದ್ರದ್ದಾಗಿತ್ತು. ಆಗ ಬೀದರ ಸೀಮೆ ನಿಜಾಮನ ಆಳ್ವಿಕೆಯಲ್ಲಿತ್ತು. ಕನ್ನಡ ಶಾಲೆ ನಡೆಸುವುದೇ ಕಷ್ಟವಾಗಿದ್ದ ಕಾಲವದು, ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಭಾಗದ ಜನರ ನೆನಪಿನಲ್ಲಿ ಇಂದಿಗೂ ಹಸಿರಾಗಿದೆ. 1948ರಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1950ರಲ್ಲಿ ಧಾರವಾಡದಲ್ಲಿಯೂ 1966ರಲ್ಲಿ ಕಲಬುರಗಿಯಲ್ಲಿಯೂ ಆಕಾಶವಾಣಿ ಕೇಂದ್ರಗಳು ಪ್ರಾರಂಭವಾದವು. ವಿದ್ಯುತ್ತಿಲ್ಲದ ಹಳ್ಳಿಯಲ್ಲಿ ಕನ್ನಡದ ದನಿ ಗಾಳಿಯಲ್ಲಿ ತೇಲಿಬಂದು ಕಿವಿಗೆ ಮುಟ್ಟುವುದೆಂದರೆ ಏನೆಂಬುದನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು. ಹಳೆಯ ಹೆಡ್‌ಫೋನು ಆ ಕಾಲದ ಶ್ರವಣಸಂಸ್ಕೃತಿಯ ಸಾಕ್ಷಿ.

ಇದರ ರಚನೆ ಬಹು ಸರಳ. ಬಟ್ಟಲಿನಂತಹ ಲೋಹದ ಅಥವಾ ಬೇಕಲೈಟಿನ ಡಬ್ಬಿಯೊಳಗೆ ಒಂದು ಶಾಶ್ವತ ಅಯಸ್ಕಾಂತ. ಅದರ ಎರಡು ಧ್ರುವಗಳಿಗೆ ತಾಗಿದಂತೆ ಮೆದುಕಬ್ಬಿಣದ ಎರಡು ತುಂಡುಗಳು. ಆ ತುಂಡುಗಳ ಮೇಲೆ ಕೂದಲೆಳೆಗಿಂತ ತೆಳುವಾದ ತಾಮ್ರದ ತಂತಿಯ ಸುರುಳಿಗಳು. ಇವುಗಳ ಮೇಲೆ ಸೂಕ್ಷ್ಮವಾದ ಎಡೆ ಬಿಟ್ಟು ಕಬ್ಬಿಣದ ತೆಳು ತಗಡೊಂದನ್ನು ಕೂರಿಸಿ, ನಡುವೆ ರಂಧ್ರವಿರುವ ಮುಚ್ಚಳವನ್ನು ತಿರುಗಿಸಿ ಬಿಗಿದಿರುತ್ತಾರೆ. ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಏರಿಳಿದಂತೆ ಅಯಸ್ಕಾಂತದ ಸೆಳೆತ ಹೆಚ್ಚು ಕಡಿಮೆಯಾಗುತ್ತದೆ, ತಗಡು ಕಂಪಿಸುತ್ತದೆ, ಸದ್ದು ಹುಟ್ಟುತ್ತದೆ.

ಸುರುಳಿಯೇ ವಿದ್ಯುತ್ಕಾಂತವಾಗುವಾಗ ಶಾಶ್ವತ ಅಯಸ್ಕಾಂತವೇಕೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಪ್ರಶ್ನೆ ಒಳ್ಳೆಯದು. ಬರಿಯ ವಿದ್ಯುತ್ಕಾಂತವಾದರೆ ಪ್ರವಾಹ ಯಾವ ದಿಕ್ಕಿಗೆ ಹರಿದರೂ ತಗಡನ್ನು ತನ್ನತ್ತ ಸೆಳೆಯುತ್ತದೆಯೇ ಹೊರತು ದೂಡುವುದಿಲ್ಲ. ಒಂದು ಅಲೆಗೆ ತಗಡು ಎರಡು ಸಲ ಬಾಗುವುದರಿಂದ ಸ್ವರದ ಆವೃತ್ತಿ ಇಮ್ಮಡಿಯಾಗಿ ಮಾತು ಕೆಡುತ್ತದೆ. ಶಾಶ್ವತ ಅಯಸ್ಕಾಂತವು ತಗಡನ್ನು ಮೊದಲೇ ತುಸು ಬಾಗಿಸಿ ಹಿಡಿದಿರುವುದರಿಂದ, ಪ್ರವಾಹ ಒಂದು ದಿಕ್ಕಿಗೆ ಹರಿದಾಗ ಸೆಳೆತ ಹೆಚ್ಚುತ್ತದೆ, ಇನ್ನೊಂದು ದಿಕ್ಕಿಗೆ ಹರಿದಾಗ ತಗ್ಗುತ್ತದೆ. ಸ್ವರ ಇದ್ದಂತೆಯೇ ಮೂಡುತ್ತದೆ, ಸೂಕ್ಷ್ಮತೆಯೂ ಹೆಚ್ಚುತ್ತದೆ. ಕ್ಷೀಣ ಪ್ರವಾಹದಿಂದ ಸಾಕಷ್ಟು ಕಾಂತಬಲ ಪಡೆಯಬೇಕಾದರೆ ಸುತ್ತುಗಳ ಸಂಖ್ಯೆ ಸಾವಿರಗಟ್ಟಲೆ ಇರಬೇಕು. ಆದಕಾರಣ ಹರಳಿನ ರೇಡಿಯೊದ ಹೆಡ್‌ಫೋನಿನಲ್ಲಿ ಒಂದೊಂದು ಕಿವಿಯ ಘಟಕದ ರೋಧ ಸಾಮಾನ್ಯವಾಗಿ 2000 ಓಮ್. ಎರಡೂ ಸರಣಿಯಲ್ಲಿ ಸೇರಿ 4000 ಓಮ್. ಇಂದಿನ ಸಾಮಾನ್ಯ ಹೆಡ್‌ಫೋನುಗಳದ್ದು 16ರಿಂದ 32 ಓಮ್ ಮಾತ್ರ. ಹಳತು ಹೊಸತುಗಳ ನಡುವಿನ ಮುಖ್ಯ ಕಂದಕ ಇದೇ. ಟೆಲಿಫೋನು ಮತ್ತು ಸೇನೆಯ ಬಳಕೆಗೆಂದು ತಯಾರಾದವುಗಳಲ್ಲಿ ಕಡಿಮೆ ರೋಧದವೂ ಇರುವುದರಿಂದ ಕೈಗೆ ಬಂದುದನ್ನು ಮೊದಲು ಅಳೆಯಬೇಕು.

ಪರೀಕ್ಷೆ ಸುಲಭ. ಒಂದೂವರೆ ವೋಲ್ಟಿನ ಒಂದೇ ಶುಷ್ಕ ಕೋಶಕ್ಕೆ ಹೆಡ್‌ಫೋನಿನ ತಂತಿಗಳನ್ನು ಕ್ಷಣಮಾತ್ರ ತಾಗಿಸಿದರೆ, ತಾಗಿಸುವಾಗಲೂ ಬಿಡಿಸುವಾಗಲೂ ‘ಟಕ್’ ಎಂಬ ಸ್ಪಷ್ಟವಾದ ಸದ್ದು ಬರಬೇಕು. ಬರದಿದ್ದರೆ ಮೊದಲು ಸಂಶಯಿಸಬೇಕಾದುದು ಹೊರಗಿನ ಹಗ್ಗದಂತಹ ಬಳ್ಳಿಯನ್ನು. ಬಟ್ಟೆಯ ಹೊದಿಕೆಯೊಳಗೆ ನೂಲಿಗೆ ಸುತ್ತಿದ ತೆಳು ಲೋಹದ ಎಳೆಗಳು ದಶಕಗಳ ಬಳಕೆಯಿಂದ ಒಳಗೊಳಗೇ ತುಂಡಾಗಿರುತ್ತವೆ. ಬಳ್ಳಿಯನ್ನು ಬಿಟ್ಟು ಡಬ್ಬಿಯ ತಿರುಪುಗಳಲ್ಲಿಯೇ ನೇರವಾಗಿ ಪರೀಕ್ಷಿಸಿದರೆ ದೋಷ ಎಲ್ಲಿದೆಯೆಂಬುದು ತಿಳಿಯುತ್ತದೆ. ಸುರುಳಿ ಕೆಟ್ಟಿದ್ದಾರೂ ನಿರಾಶೆಗೆ ಕಾರಣವಿಲ್ಲ. ತಂತಿ ತುಂಡಾಗುವುದು ಹಲವು ವೇಳೆ ಹೊರತುದಿಯ ಬೆಸುಗೆಯ ಬಳಿಯಲ್ಲೇ. ಅಲ್ಲಿ ಕಿಲುಬಿನ ಹಸಿರು ಚುಕ್ಕೆ ಕಾಣುತ್ತದೆ. ಒಂದೆರಡು ಸುತ್ತು ಬಿಚ್ಚಿ ಹೊಸದಾಗಿ ಬೆಸೆದರೆ ಜೀವ ಬರುತ್ತದೆ. ಸುರುಳಿಯ ಒಳಗೇ ಕಿಲುಬು ಹಿಡಿದಿದ್ದರೆ ಹೊಸದಾಗಿ ಸುತ್ತದೆ ಗತ್ಯಂತರವಿಲ್ಲ. ಅದು ಅಪಾರ ತಾಳ್ಮೆಯ ಕೆಲಸ.

ಮುಚ್ಚಳ ತೆಗೆದ ಮೇಲೆ ತಗಡನ್ನು ಉಗುರಿನಿಂದಲೋ ಚಾಕುವಿನಿಂದಲೋ ಮೀಟಿ ಎತ್ತಬಾರದು. ಅಯಸ್ಕಾಂತ ಅದನ್ನು ಬಿಗಿಯಾಗಿ ಹಿಡಿದಿರುವುದರಿಂದ ತಗಡು ಬಾಗುತ್ತದೆ. ಬಾಗಿದ ತಗಡು ಮತ್ತೆ ಮೊದಲಿನಂತಾಗುವುದು ಕಷ್ಟ. ಅಂಚಿನತ್ತ ಮೆಲ್ಲನೆ ಜಾರಿಸಿ ತೆಗೆಯಬೇಕು. ಯಾವ ಮುಖ ಒಳಗಿತ್ತೆಂಬುದನ್ನು ಗುರುತಿಟ್ಟು, ತಿರುಗಿ ಹಾಗೆಯೇ ಕೂರಿಸಬೇಕು. ತುಕ್ಕನ್ನು ಮೃದುವಾಗಿ ಒರೆಸಬೇಕೇ ಹೊರತು ಉಜ್ಜುಕಾಗದದಿಂದ ತಿಕ್ಕಿ ತಗಡನ್ನು ಸವೆಸಬಾರದು. ಧ್ರುವಗಳಿಗೆ ಅಂಟಿದ ಕಬ್ಬಿಣದ ಹುಡಿಯನ್ನು ಅಂಟುಪಟ್ಟಿಯಿಂದ ಎತ್ತಬಹುದು. ತಗಡು ಧ್ರುವಕ್ಕೆ ತಾಗಿ ಕರಕರ ಸದ್ದು ಮಾಡುತ್ತಿದ್ದರೆ ಡಬ್ಬಿಯ ಅಂಚಿಗೆ ತೆಳುವಾದ ಕಾಗದದ ಬಳೆಯೊಂದನ್ನು ಇಟ್ಟರೆ ಎಡೆ ಸರಿಹೋಗುತ್ತದೆ. ಅಯಸ್ಕಾಂತವನ್ನು ಅನಗತ್ಯವಾಗಿ ಬಿಡಿಸುವುದು, ಬಡಿಯುವುದು, ಕಾಯಿಸುವುದು ಅದರ ಬಲಕ್ಕೆ ಹಾನಿಕರ. ಬೇಕಲೈಟನ್ನು ಮೆದುಬಟ್ಟೆಯಿಂದ ಒರೆಸಿದರೆ ಸಾಕು.

ಇನ್ನು ಇಂದಿನ ಬಳಕೆಗೆ ಅಳವಡಿಸುವ ವಿಚಾರ. ಮೊಬೈಲ್ ಫೋನಿನಿಂದ ಅರ್ಧ ವೋಲ್ಟ್ ಹೊರಬರುತ್ತದೆಂದು ಇಟ್ಟುಕೊಂಡರೆ, 4000 ಓಮ್‌ನಲ್ಲಿ ಅದು ನೀಡುವ ಶಕ್ತಿ ಒಂದು ಮಿಲಿವಾಟಿನ ಹದಿನಾರನೆಯ ಒಂದು ಭಾಗದಷ್ಟು ಮಾತ್ರ. ಹಳೆಯ ಘಟಕ ಸೂಕ್ಷ್ಮವಾದ್ದರಿಂದ ಕ್ಷೀಣವಾಗಿ ಕೇಳಿಸಬಹುದು, ತೃಪ್ತಿಯಾಗಲಾರದು. ಇದಕ್ಕೆ ಪರಿಹಾರ ಚಿಕ್ಕದೊಂದು ಟ್ರಾನ್ಸ್‌ಫಾರ್ಮರ್. ಹಳೆಯ ಟ್ರಾನ್ಸಿಸ್ಟರ್ ರೇಡಿಯೊಗಳಲ್ಲಿ 1000 ಓಮ್‌ನಿಂದ 8 ಓಮ್‌ಗೆ ಹೊಂದಿಸುವ ಇಂತಹ ಟ್ರಾನ್ಸ್‌ಫಾರ್ಮರುಗಳು ಇರುತ್ತವೆ. ಅದನ್ನು ತಿರುವುಮುರುವಾಗಿ ಬಳಸಬೇಕು. 8 ಓಮ್‌ನ ಕಡೆ ಫೋನಿಗೆ, 1000 ಓಮ್‌ನ ಕಡೆ ಹೆಡ್‌ಫೋನಿಗೆ. ಓಮ್‌ಗಳ ಅನುಪಾತ 125. ಸುತ್ತುಗಳ ಅನುಪಾತ ಅದರ ವರ್ಗಮೂಲ, ಅಂದರೆ ಸುಮಾರು 11. ಆಗ ಫೋನಿಗೆ ಈ 4000 ಓಮ್ ಹೊರೆ 32 ಓಮ್ ಆಗಿ ತೋರುತ್ತದೆ; ವೋಲ್ಟೇಜು 11 ಪಟ್ಟು, ಶಕ್ತಿ 125 ಪಟ್ಟು ಹೆಚ್ಚುತ್ತದೆ. ಇದು ಆದರ್ಶ ಲೆಕ್ಕ. ಟ್ರಾನ್ಸ್‌ಫಾರ್ಮರಿನಲ್ಲಿ ಕೊಂಚ ನಷ್ಟವಿರುತ್ತದೆ. ಅಲ್ಲದೆ ಸುರುಳಿಯ ಪ್ರತಿಬಾಧೆ ಸ್ವರದ ಆವೃತ್ತಿಯೊಡನೆ ಏರುತ್ತದೆ. ಆದರೂ ಕೇಳಲು ಧಾರಾಳವಾಗಿ ಸಾಕು.

ಇಂದಿನ ಸಂಗೀತವೆಲ್ಲ ಎಡ ಬಲಗಳ ಎರಡು ಮಾರ್ಗದ್ದು. ಹಳೆಯ ಹೆಡ್‌ಫೋನು ಒಂದೇ ಮಾರ್ಗದ್ದು. ಎರಡು ಮಾರ್ಗಗಳನ್ನು ನೇರವಾಗಿ ಗಂಟುಹಾಕಿದರೆ ಫೋನಿಗೆ ಅಪಾಯ. ಒಂದೊಂದರಲ್ಲಿಯೂ 47ರಿಂದ 100 ಓಮ್‌ವರೆಗಿನ ರೋಧಕವನ್ನಿಟ್ಟು ಅನಂತರ ಸೇರಿಸಬೇಕು. ಇವುಗಳಲ್ಲಿ ಸ್ವಲ್ಪ ಶಕ್ತಿ ವ್ಯಯವಾದರೂ ಉಪಕರಣ ಸುರಕ್ಷಿತವಾಗಿರುತ್ತದೆ. ಟ್ರಾನ್ಸ್‌ಫಾರ್ಮರು, ರೋಧಕಗಳು, ಹೊಸ ಪ್ಲಗ್ಗು ಇವೆಲ್ಲವನ್ನೂ ಪ್ರತ್ಯೇಕವಾದ ಪುಟ್ಟ ಪೆಟ್ಟಿಗೆಯಲ್ಲಿಟ್ಟರೆ ಹಳೆಯ ವಸ್ತುವಿಗೆ ಒಂದು ರಂಧ್ರವನ್ನೂ ಕೊರೆಯಬೇಕಾಗುವುದಿಲ್ಲ.

ಈ ಹವ್ಯಾಸದಲ್ಲಿ ವಿವೇಕದ ಪ್ರಶ್ನೆ ಬರುವುದು ಇಲ್ಲಿಯೇ. ಕೆಲವರು ಹಳೆಯ ಡಬ್ಬಿಯ ಒಳಗಿರುವುದನ್ನೆಲ್ಲ ಕಿತ್ತೆಸೆದು ಹೊಸ ಘಟಕಗಳನ್ನು ತುಂಬುತ್ತಾರೆ. ಸ್ವರ ಇಂಪಾಗುವುದು ನಿಜ. ಆದರೆ ಉಳಿಯುವುದು ಹಳೆಯ ಹೆಡ್‌ಫೋನಲ್ಲ, ಅದರ ಚರ್ಮ ಹೊದ್ದ ಹೊಸ ಹೆಡ್‌ಫೋನು. ಸುರುಳಿಗಳು ಪೂರ್ತಿ ಕೆಟ್ಟು, ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ ಇದು ಒಪ್ಪತಕ್ಕದ್ದು. ಆಗಲೂ ತೆಗೆದ ಭಾಗಗಳನ್ನು ಹೆಸರು ಬರೆದು ಕಾಪಾಡಬೇಕು. ಗುಡಿಯ ಜೀರ್ಣೋದ್ಧಾರದಲ್ಲಿ ಹಳೆಯ ಶಿಲ್ಪಕ್ಕೆ ಎಣ್ಣೆಬಣ್ಣ ಬಳಿದು ಶಾಸನವನ್ನು ಸಿಮೆಂಟಿನಿಂದ ಮುಚ್ಚಿದರೆ ಆಗುವ ನಷ್ಟವೇ ಇಲ್ಲಿಯೂ ಆಗುತ್ತದೆ. ಮಾಡಿದ ಬದಲಾವಣೆಯನ್ನು ಮುಂದಿನವರು ಬಿಚ್ಚಿ ಮೊದಲಿನಂತೆ ಮಾಡಲು ಸಾಧ್ಯವಾಗಬೇಕೆಂಬುದೇ ಈ ವಿದ್ಯೆಯ ಮೊದಲ ನಿಯಮ.

ಹಳೆಯ ಹೆಡ್‌ಫೋನಿನಿಂದ ಇಂದಿನ ಇಂಪನ್ನು ನಿರೀಕ್ಷಿಸುವುದು ತರವಲ್ಲ. ಅದರ ತಗಡು ಸಾಮಾನ್ಯವಾಗಿ 1000 ಹರ್ಟ್ಸಿನ ಆಸುಪಾಸಿನಲ್ಲಿ ಹೆಚ್ಚಾಗಿ ಮಿಡಿಯುತ್ತದೆ. ಮದ್ದಳೆಯ ಮಂದ್ರವಾಗಲಿ ತಾಳದ ಝಣತ್ಕಾರವಾಗಲಿ ಪೂರ್ಣವಾಗಿ ಕೇಳಿಸದು. ಮಾನವನ ಮಾತು ಮಾತ್ರ ಬಹು ಸ್ಫುಟವಾಗಿ ಕೇಳಿಸುತ್ತದೆ. ವಾರ್ತೆ, ಪ್ರವಚನ, ವಚನವಾಚನಗಳನ್ನು ಕೇಳಲು, ಹವ್ಯಾಸಿ ರೇಡಿಯೊದವರಿಗೆ ಮೋರ್ಸ್ ಸಂಕೇತ ಕಲಿಯಲು ಅದು ಇಂದಿಗೂ ತಕ್ಕ ಸಾಧನ.

ಅಪಾಯದ ವಿಚಾರವನ್ನು ಶಿಕ್ಷಕರು ಮರೆಯಬಾರದು. ಹಳೆಯ ವಾಲ್ವ್ ರೇಡಿಯೊಗಳಲ್ಲಿ 200 ವೋಲ್ಟಿಗೂ ಮೀರಿದ ವಿದ್ಯುತ್ತು ಇರುತ್ತದೆ. ಹಳೆಯ ಹೆಡ್‌ಫೋನಿನ ಲೋಹದ ತಿರುಪುಗಳು ಹೊರಗೇ ತೆರೆದಿರುತ್ತವೆ. ಇವೆರಡನ್ನೂ ನೇರವಾಗಿ ಜೋಡಿಸಿ ತಲೆಗೇರಿಸುವುದು ಪ್ರಾಣಕ್ಕೇ ಸಂಚಕಾರ. ವಿದ್ಯಾರ್ಥಿಗಳ ಕೈಗೆ ಹರಳಿನ ರೇಡಿಯೊ ಅಥವಾ ಬ್ಯಾಟರಿಯಿಂದ ನಡೆಯುವ ಉಪಕರಣವನ್ನು ಮಾತ್ರ ಕೊಡಬೇಕು. ಧ್ವನಿಯನ್ನು ಕನಿಷ್ಠ ಮಟ್ಟದಲ್ಲಿಟ್ಟು ಆರಂಭಿಸಿ, ಬೇಕಾದಷ್ಟೇ ಏರಿಸಬೇಕು. ಸೀಸವಿರುವ ಬೆಸುಗೆಯ ಕೆಲಸ ಮುಗಿದೊಡನೆ ಕೈ ತೊಳೆಯಬೇಕು.

ಇಂದಿನ ಕಿವಿಯೊಳಗಿನ ಪುಟ್ಟ ಶ್ರವಣಯಂತ್ರಗಳಲ್ಲಿ ಹಲವನ್ನು ಬಿಚ್ಚಿ ನೋಡುವಂತಿಲ್ಲ. ಕೆಟ್ಟರೆ ಎಸೆಯುವುದೇ ಗತಿ. ವಿದ್ಯಾರ್ಥಿ ಅದನ್ನು ಬಳಸುತ್ತಾನೆ, ಅರಿಯುವುದಿಲ್ಲ. ಹಳೆಯ ಹೆಡ್‌ಫೋನು ಇದಕ್ಕೆ ವಿರುದ್ಧ. ಮುಚ್ಚಳ ತಿರುಗಿಸಿದರೆ ಕಾಂತತ್ವ, ಓಮ್‌ನ ನಿಯಮ, ಶಬ್ದದ ಉತ್ಪತ್ತಿ ಈ ಮೂರೂ ಪಾಠಗಳು ಅಂಗೈಯಲ್ಲಿ ತೆರೆದುಕೊಳ್ಳುತ್ತವೆ. ಹಳ್ಳಿಯ ಶಾಲೆಯ ಬಡ ಪ್ರಯೋಗಾಲಯಕ್ಕೆ ಇಷ್ಟು ಅಲ್ಪ ವೆಚ್ಚದಲ್ಲಿ ಇಂತಹ ಉಪಕರಣ ಬೇರೊಂದು ದೊರೆಯುವುದು ದುರ್ಲಭ. ಸೇನೆಯಲ್ಲಿ, ರೈಲ್ವೆಯಲ್ಲಿ, ತಂತಿ ಮತ್ತು ಟೆಲಿಫೋನು ಇಲಾಖೆಯಲ್ಲಿ ಸೇವೆ ಸಲ್ಲಿಸಿದ ಹಿರಿಯರ ಮನೆಗಳಲ್ಲಿ ಇಂತಹ ವಸ್ತುಗಳು ಇನ್ನೂ ಉಳಿದಿರಬಹುದು. ಅವುಗಳನ್ನು ಗುಜರಿಗೆ ಹಾಕುವ ಮೊದಲು ಶಾಲೆಯನ್ನೊಮ್ಮೆ ನೆನೆಯುವುದು ಉಚಿತ. ವಸ್ತುವಿನೊಡನೆ ಅದು ಯಾರದು, ಎಲ್ಲಿ ಬಳಕೆಯಾಗಿತ್ತು, ಅದರಲ್ಲಿ ಏನು ಕೇಳಿದರು ಎಂಬ ನಾಲ್ಕು ಸಾಲುಗಳನ್ನು ಬರೆದುಕೊಟ್ಟರೆ ದಾನ ಇಮ್ಮಡಿಯಾಗುತ್ತದೆ.

ಶರಣರು ಕಾಯಕದಲ್ಲಿ ಮೇಲು ಕೀಳುಗಳನ್ನು ಎಣಿಸಲಿಲ್ಲ. ಚರ್ಮ ಹದ ಮಾಡುವ, ನೂಲು ನೇಯುವ, ದೋಣಿ ನಡೆಸುವ ಕೈಗಳಿಗೆ ಅನುಭಾವದ ಗೋಷ್ಠಿಯಲ್ಲಿ ಸಮಾನವಾದ ಸ್ಥಾನವಿತ್ತು. ಕೆಟ್ಟುದನ್ನು ಅರಿತು ಸರಿಪಡಿಸಿ, ಮುಂದಿನವರ ಬಳಕೆಗೆ ಒಪ್ಪಿಸುವ ಕೆಲಸ ಆ ಪರಂಪರೆಗೆ ದೂರವಾದುದಲ್ಲ. ಮೂಕವಾಗಿದ್ದ ತಗಡೊಂದು ವಿದ್ಯಾರ್ಥಿಯ ಕೈಯಲ್ಲಿ ಮತ್ತೆ ಮಾತನಾಡಿದರೆ, ಆ ದಿನ ಅವನು ಕಲಿತ ಪಾಠ ಪರೀಕ್ಷೆಯ ತರುವಾಯವೂ ಅವನೊಡನೆ ಉಳಿಯುತ್ತದೆ.