ಹೋಳಿಗೆ ಬೇಯಲಿ, ಕೈ ಸುಡದಿರಲಿ

ಹಿಂದೂಪುರ/ಕಲ್ಯಾಣದುರ್ಗ: ಯುಗಾದಿ ಬಂತೆಂದರೆ ಗಡಿ ಭಾಗದ ಕನ್ನಡ ಮನೆಗಳಲ್ಲಿ ಅಡುಗೆ ಮನೆಗೇ ಜಾತ್ರೆ ಕಳೆ. ಬೆಂಗಳೂರಿನಿಂದ ಮಗ-ಸೊಸೆ, ಮಡಕಶಿರಾದಿಂದ ಮಗಳು-ಅಳಿಯ, ಜೊತೆಗೆ ಮೊಮ್ಮಕ್ಕಳ ದಂಡು. ಒಬ್ಬರು ಹೂರಣ ರುಬ್ಬಿದರೆ ಇನ್ನೊಬ್ಬರು ಕಣಕ ನಾದುತ್ತಾರೆ. ಪಕ್ಕದ ಮನೆಯ ತೆಲುಗಿನವರು ಇದನ್ನೇ ಓಳಿಗ ಅಂತಾರೆ, ಮರಾಠಿ ಮಾತಾಡುವವರು ಪುರಣಪೋಳಿ ಅಂತಾರೆ. ಹೆಸರು ಯಾವುದಾದರೇನು, ಬಿಸಿ ಹೂರಣ ಕೈಗಂಟಿದರೆ ಉರಿ ಒಂದೇ!

ದಿನವೂ ಒಬ್ಬರೇ ನಿಂತು ಮಾಡುವ ಅಡುಗೆಗೂ ಹಬ್ಬದ ಅಡುಗೆಗೂ ವ್ಯತ್ಯಾಸವಿದೆ. ಒಲೆ ಮುಂದೆ ನಾಲ್ಕು ಜನ, ಕಾಲಡಿ ಮಕ್ಕಳು, ಬಾಯಿ ತುಂಬ ಮಾತು. ‘ನೀನು ನೋಡ್ಕೋತೀಯ ಅಂದ್ಕೊಂಡೆ’ ಎಂದು ಒಬ್ಬರ ಮೇಲೊಬ್ಬರು ಬಿಟ್ಟ ಬಾಣಲೆಯೇ ಅಪಾಯಕ್ಕೆ ಮೂಲ. ಎಣ್ಣೆ ಕಾಯುವಾಗ ಒಲೆ ಯಾರ ಜವಾಬ್ದಾರಿ ಎಂಬುದು ಮೊದಲೇ ತೀರ್ಮಾನವಾಗಬೇಕು. ಮಕ್ಕಳನ್ನು ಒಲೆಯಿಂದ ಮೂರು ಅಡಿಯಾದರೂ ದೂರ ಇರಿಸಬೇಕು.

ಹುಬ್ಬಳ್ಳಿಯ ಪಾಠ

2024ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯಲ್ಲಿ ಅಯ್ಯಪ್ಪ ಮಾಲಾಧಾರಿಗಳು ಮಲಗಿದ್ದ ಕಡೆ ರಾತ್ರಿ ಅಡುಗೆ ಅನಿಲ ಸೋರಿ ಬೆಂಕಿ ಹೊತ್ತಿತು. ಗಾಯಗೊಂಡ 9 ಮಂದಿಯಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಹಬ್ಬದಲ್ಲಿ ನೆಂಟರು ಹೆಚ್ಚಾದಾಗ ಅಡುಗೆ ಮನೆಯಲ್ಲೇ ಚಾಪೆ ಹಾಸುವವರು ಇದನ್ನು ಮರೆಯಬಾರದು.

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೆಲದಲ್ಲೇ ಹರಡುತ್ತದೆ. ದೇವರ ಮುಂದಿನ ದೀಪವೊಂದೇ ಸಾಕು, ಹೊತ್ತಿಕೊಳ್ಳುತ್ತದೆ. ವಾಸನೆ ಬಂದರೆ ಉರಿಯುವುದನ್ನೆಲ್ಲ ಆರಿಸಿ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆಯಬೇಕು. ಲೈಟು, ಫ್ಯಾನಿನ ಸ್ವಿಚ್ ಹಾಕಲೂ ಬಾರದು, ಆರಿಸಲೂ ಬಾರದು. ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು. ಹಗಲು ರಾತ್ರಿ ಎನ್ನದೆ ಕೆಲಸ ಮಾಡುವ ನಂಬರ್ ಇದು.

ಸಿಲಿಂಡರ್ ಬಂದಾಗಲೇ ಹಿಡಿಕೆಯ ಪಟ್ಟಿ ನೋಡಿ. ‘ಸಿ-27’ ಎಂದಿದ್ದರೆ 2027ರ ಜುಲೈ-ಸೆಪ್ಟೆಂಬರ್ ಒಳಗೆ ಅದರ ಪರೀಕ್ಷೆ ಆಗಬೇಕೆಂದು ಅರ್ಥ. ಸಿಲಿಂಡರ್ ಯಾವಾಗಲೂ ನೇರ ನಿಂತಿರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು, ಬಿರುಕು ಕಂಡರೆ ಅವತ್ತೇ.

ಎಣ್ಣೆಗೆ ನೀರು ಬೇಡ

ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ಗಾಬರಿಯಲ್ಲಿ ಚೊಂಬು ನೀರು ಸುರಿಯುವವರೇ ಜಾಸ್ತಿ. ನೀರು ಎಣ್ಣೆಯ ಅಡಿಗಿಳಿದು ತಕ್ಷಣ ಆವಿಯಾಗಿ ಉರಿಯುವ ಎಣ್ಣೆಯನ್ನು ಸುತ್ತ ಎರಚುತ್ತದೆ. ಒಲೆ ಆರಿಸಿ, ದೊಡ್ಡ ಮುಚ್ಚಳವನ್ನು ಪಕ್ಕದಿಂದ ಸರಿಸಿ ಮುಚ್ಚಬೇಕು. ಬಾಣಲೆಯನ್ನು ಎತ್ತಿಕೊಂಡು ಹೊರಗೆ ಓಡಬಾರದು.

ಹೂರಣದ ಬೇಳೆಯನ್ನು ಕುಕ್ಕರಿನಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ನೊರೆ ಉಕ್ಕಿ ಸೀಟಿಯ ತೂತು ಕಟ್ಟಿಕೊಳ್ಳುತ್ತದೆ. ಹಬ್ಬಕ್ಕೆ ರೇಷ್ಮೆ ಸೀರೆ ಸರಿ, ಒಲೆ ಮುಂದೆ ಮಾತ್ರ ಹತ್ತಿಯದೇ ಒಳ್ಳೆಯದು, ಸೆರಗು ಸೊಂಟಕ್ಕೆ ಸಿಕ್ಕಿಸಿರಬೇಕು. ಬಟ್ಟೆಗೆ ಬೆಂಕಿ ತಗುಲಿದರೆ ಓಡದೆ ನೆಲಕ್ಕೆ ಬಿದ್ದು ಹೊರಳಬೇಕು. ಹತ್ತಿರವಿದ್ದವರು ಕಂಬಳಿ ಹೊದಿಸಿ ಅದುಮಬೇಕು.

ಮೊದಲು ಬಿಂದಿಗೆ ತುಂಬಿ

ಸುಟ್ಟ ಗಾಯಕ್ಕೆ ಅರಿಶಿನ, ಟೂತ್‌ಪೇಸ್ಟ್, ಇಂಕು ಹಚ್ಚುವ ರೂಢಿ ಇನ್ನೂ ಹೋಗಿಲ್ಲ. ಇದ್ಯಾವುದೂ ಬೇಡ, ಐಸ್ ಕೂಡ ಬೇಡ. 20 ನಿಮಿಷ ತಣ್ಣೀರು ಹರಿಸುವುದೇ ಮೊದಲ ಚಿಕಿತ್ಸೆ. ಊದಿಕೊಳ್ಳುವ ಮೊದಲೇ ಬಳೆ, ಉಂಗುರ ತೆಗೆಯಬೇಕು. ಬೊಬ್ಬೆ ಒಡೆಯಬಾರದು. ಆದರೆ ನಲ್ಲಿ ನೀರು ದಿನಾ ಬಾರದ ಮನೆಯಲ್ಲಿ 20 ನಿಮಿಷದ ನೀರು ಎಲ್ಲಿಂದ? ಒಲೆ ಹಚ್ಚುವ ಮೊದಲೇ ಎರಡು ಬಿಂದಿಗೆ ತುಂಬಿಸಿಟ್ಟರೆ ಆಯಿತು.

ಗಾಯ ದೊಡ್ಡದಾದರೆ, ಮುಖ, ಕೈಗೆ ಆದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಕಲ್ಯಾಣದುರ್ಗದಿಂದ ಅನಂತಪುರಕ್ಕೆ ಸುಮಾರು 60 ಕಿ.ಮೀ., ಹಿಂದೂಪುರದಿಂದ ಬೆಂಗಳೂರಿಗೆ ಸುಮಾರು 100. ಅಷ್ಟು ದೂರದ ದಾರಿಯಲ್ಲಿ ಮನೆಯಲ್ಲಿ ಹಾಕಿದ ನೀರೇ ಆಸರೆ. 2022ರಲ್ಲಿ ಜಿಲ್ಲೆ ಒಡೆದು ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಆದರೆ 2005ರಲ್ಲಿ ಆಂಧ್ರದಲ್ಲಿ ಶುರುವಾದ 108 ಆಂಬುಲೆನ್ಸ್, ಅಗ್ನಿಶಾಮಕದ 101 ಎರಡೂ ಕಡೆ ಒಂದೇ. ಈ ನಂಬರುಗಳನ್ನು ಅಡುಗೆ ಮನೆ ಬಾಗಿಲ ಮೇಲೆ ಬರೆದಿಡುವುದು ಒಳ್ಳೆಯದು.

ಊಟ ಮುಗಿದು ಎಲೆ ಅಡಿಕೆ ಹಾಕುವ ಮೊದಲು ಒಬ್ಬರು ಎದ್ದು ರೆಗ್ಯುಲೇಟರ್ ಬಂದ್ ಆಗಿದೆಯೇ ಎಂದು ನೋಡಿ ಬರಲಿ. ಬೇವು-ಬೆಲ್ಲ ಹಂಚಿಕೊಂಡ ಮನೆಯಲ್ಲಿ ಆ ಕೆಲಸ ಅಜ್ಜಿಯೊಬ್ಬಳ ಪಾಲಿಗೇ ಬರಬೇಕೆಂದೇನಿಲ್ಲ.